ಮಕ್ಕಳ ಪುಟದಲ್ಲಿ ಕಥೆಯಾಟಕ್ಕೂ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರಿಗೆ,

ಬೇಸಿಗೆ ರಜೆ ಹತ್ತಿರ ಬಂದಂತೆ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆ ಎಂದು ಕೇಳುವ ಪತ್ರಗಳು ನಿಮ್ಮ ಈ ಅಂಕಣದಲ್ಲಿ ಪ್ರತಿವರ್ಷ ಬರುತ್ತವೆ. ಬಿಡಿಸಿದ ಮೇಲೆ ಆ ಕೈಗೆ ಏನು ಕೊಡಬೇಕೆಂದು ಬರೆದವರು ಕಡಿಮೆ. ಗುಳೇದಗುಡ್ಡದಲ್ಲಿ ವಾಸವಿದ್ದು ಬಾದಾಮಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುವ ನಾನು, ಕಳೆದ ರಜೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಆಟದ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ಹೇಳಿ ಮುಗಿಸಿ ನಿಮ್ಮ ಪತ್ರಿಕೆಯಿಂದ ಒಂದು ಸಹಾಯವನ್ನೂ ಕೇಳುವುದಿದೆ.

ಈ ಬಗೆಯ ಆಟಕ್ಕೆ ಇಂಗ್ಲಿಷಿನಲ್ಲಿ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎಂಬ ಉದ್ದನೆಯ ಹೆಸರಿದೆ. ನಮ್ಮ ಮನೆಯ ಮಕ್ಕಳು ಅದನ್ನು ‘ಕಥಿ ಆಟ’ ಎನ್ನುತ್ತಾರೆ. ನಾನೂ ಇಲ್ಲಿ ಕಥೆಯಾಟ ಎಂದೇ ಬರೆಯುತ್ತೇನೆ. ನಾಲ್ಕೈದು ಮಂದಿ ದುಂಡಗೆ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ತಾವೇ ಕಟ್ಟಿಕೊಂಡು ಅದರ ಹೆಸರು, ಕಸುಬು, ಬಲ, ಕೊರತೆಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳುತ್ತಾರೆ. ನಡೆಸುವವರು ಒಂದು ಸನ್ನಿವೇಶವನ್ನು ಬಣ್ಣಿಸಿ ‘ಈಗ ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಆಡುವವರು ತಮ್ಮ ಪಾತ್ರ ಏನು ಮಾಡುತ್ತದೆ, ಯಾರಿಗೆ ಏನು ಹೇಳುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನವಿರುವ ಕೆಲಸಕ್ಕೆ ಮಾತ್ರ ದಾಳ ಎಸೆಯಬೇಕು. ದಾಳ ಒಲಿದರೂ ಮುನಿದರೂ ಕಥೆ ಅಲ್ಲಿಂದಲೇ ಮುಂದುವರಿಯುತ್ತದೆ. ಎಲ್ಲರೂ ಒಂದೇ ತಂಡದವರಾದ್ದರಿಂದ ಆಟ ಮುಗಿದಾಗ ಗೆದ್ದು ಬೀಗುವವರೂ ಇಲ್ಲ, ಸೋತು ಮೂಲೆ ಸೇರುವವರೂ ಇಲ್ಲ.

ಇದರ ಹುಟ್ಟು ಅಮೆರಿಕದಲ್ಲಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಹೊರಬಂದಾಗ ಮೊದಲ ಮುದ್ರಣ 1000 ಪ್ರತಿಗಳದ್ದಾಗಿತ್ತು. ಅದಕ್ಕೂ ನೂರೈವತ್ತು ವರ್ಷ ಹಿಂದೆ ಪ್ರಷ್ಯದ ಸೈನ್ಯದಲ್ಲಿ ಅಧಿಕಾರಿಗಳ ತರಬೇತಿಗೆಂದು ನಕ್ಷೆ, ದಾಳ ಮತ್ತು ಒಬ್ಬ ತೀರ್ಪುಗಾರನನ್ನು ಇಟ್ಟುಕೊಂಡು ಯುದ್ಧದಾಟ ಆಡಿಸುತ್ತಿದ್ದರು. ಆ ಪರಂಪರೆಯನ್ನು ತೆಗೆದುಕೊಂಡು, ದಂಡನ್ನು ನಡೆಸುವ ಬದಲು ಒಬ್ಬನೇ ಮನುಷ್ಯನ ಪಾತ್ರವನ್ನು ಆಡುವಂತೆ ಮಾಡಿದ್ದು ಅಮೆರಿಕದವರು. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಅಂಕ ಕೊಟ್ಟು ಪಾತ್ರ ಕಟ್ಟುವ ಪದ್ಧತಿಯೂ ಅದೇ ಆಟದ್ದು. ಬುದ್ಧಿ ಮತ್ತು ವಿವೇಕ ಬೇರೆ ಬೇರೆ ಹೇಗೆ ಎಂದು ಏಳನೇ ತರಗತಿಯ ನನ್ನ ಮಗಳು ಕೇಳಿದಾಗ ನಾನು ಸರಿಯಾದ ಮಾತು ಹುಡುಕುತ್ತಿದ್ದೆ. ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆಯವರು, “ಸಾಲದ ಬಡ್ಡಿ ಲೆಕ್ಕಾ ಹಾಕೂದು ಬುದ್ಧಿ, ಸಾಲಾ ಮಾಡದ ಇರೂದು ವಿವೇಕ” ಎಂದರು. ಮಗಳು ತನ್ನ ಪಾತ್ರಕ್ಕೆ ವಿವೇಕದ ಅಂಕವನ್ನು ಒಂದು ಹೆಚ್ಚಿಸಿಕೊಂಡಳು.

ಆಟ ನಮ್ಮ ಮನೆಗೆ ಬಂದದ್ದು ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮನಿಂದ. ಬಣ್ಣಬಣ್ಣದ ದಾಳಗಳ ಡಬ್ಬಿಯೊಂದನ್ನು ಕೊಟ್ಟು, ಎರಡು ರಾತ್ರಿ ಆಡಿ ತೋರಿಸಿ ಅವನು ಹೊರಟುಹೋದ. ಆಗ ಮನೆಯಲ್ಲಿ ನನ್ನ ಇಬ್ಬರು ಮಕ್ಕಳು ಮತ್ತು ಇಳಕಲ್ಲಿನಿಂದ ರಜೆಗೆ ಬಂದಿದ್ದ ಭಾವನ ಇಬ್ಬರು ಮಕ್ಕಳು ಇದ್ದರು. ನಾನೇ ಕಥೆ ನಡೆಸಲು ಕುಳಿತೆ, ಮತ್ತು ಪೂರ್ತಿ ಕೆಡಿಸಿದೆ. ಕಥೆಯೇನೋ ಚೆನ್ನಾಗಿಯೇ ಇತ್ತು: ಕ್ರಿ.ಶ. 634ರ ಸುಮಾರು, ಇಮ್ಮಡಿ ಪುಲಕೇಶಿಯ ಕಾಲ, ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ಶಾಸನ ಕೆತ್ತುವ ಕೆಲಸ ನಡೆದಿದೆ, ಕಲ್ಲುಕುಟಿಗನ ಬಳಿ ಕಸುಬು ಕಲಿಯುತ್ತಿರುವ ನಾಲ್ವರು ಹುಡುಗರು ಒಂದು ಓಲೆಯನ್ನು ವಾತಾಪಿಗೆ, ಎಂದರೆ ಇಂದಿನ ಬಾದಾಮಿಗೆ, ಮುಟ್ಟಿಸಬೇಕು. ಆದರೆ ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಹೆಜ್ಜೆ ಹೆಜ್ಜೆಗೂ ‘ಪುಲಕೇಶಿ ಯಾರನ್ನು ಸೋಲಿಸಿದ? ಯಾವ ನದಿಯ ದಂಡೆಯಲ್ಲಿ?’ ಎಂದು ಕೇಳುತ್ತಾ ಹೋದೆ. ಹರ್ಷ, ನರ್ಮದೆ ಎಂದು ಮಕ್ಕಳು ಉತ್ತರ ಕೊಟ್ಟರು. ಕೊಡುತ್ತಾ ಕೊಡುತ್ತಾ ಅವರ ಮುಖ ಬಾಡಿತು. ನಾಲ್ಕನೇ ತರಗತಿಯ ಮಗ ನೀರು ಕುಡಿದು ಬರುತ್ತೇನೆಂದು ಎದ್ದವನು ತಿರುಗಿ ಬರಲೇ ಇಲ್ಲ.

ಮರುದಿನ ಅತ್ತೆಯವರು ಕೂತರು. ಅವರಿಗೆ ಓದು ಬರಹ ಬಾರದು. ಚಿಕ್ಕಂದಿನಲ್ಲಿ ರಾತ್ರಿಯಿಡೀ ಕೂತು ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿದವರು. ಸತ್ಯಭಾಮೆಯ ಹಟ, ಕೊರವಂಜಿಯ ಮಾತು ಇಂದಿಗೂ ಅವರ ಬಾಯಲ್ಲಿವೆ. ಪಾರಿಜಾತದಲ್ಲಿ ಭಾಗವತನು ರಂಗಕ್ಕೆ ಬಂದ ಪಾತ್ರವನ್ನು ಮಾತಿಗೆಳೆದು, ಕೆಣಕಿ, ಹೊಗಳಿ, ಅದರ ಬಾಯಿಂದಲೇ ಕಥೆಯನ್ನು ಹೊರಡಿಸುವುದನ್ನು ನಮ್ಮ ಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ. ಅತ್ತೆಯವರು ಅದನ್ನೇ ಮಾಡಿದರು. ಹಾಳೆ ನೋಡಲಿಲ್ಲ, ಇಸವಿ ಹೇಳಲಿಲ್ಲ. ‘ಯಾರಪ್ಪಾ ನೀನು? ಎಲ್ಲಿಗ್ ಹೊಂಟಿ? ಬುತ್ತ್ಯಾಗ ಏನ್ ಕಟ್ಟೀಯಿ?’ ಎಂದು ಒಬ್ಬೊಬ್ಬರನ್ನೇ ಕೇಳಿದರು. ಕಥೆ ನಡೆಸುವವರಿಗೆ ಇಂಗ್ಲಿಷಿನಲ್ಲಿರುವ, ನಾನು ಕಷ್ಟಪಟ್ಟು ಅನುವಾದಿಸಿಕೊಳ್ಳುತ್ತಿದ್ದ ‘ಗೇಮ್ ಮಾಸ್ಟರ್’ ಎಂಬ ಪದಕ್ಕೆ ಅಂದಿನಿಂದ ನಮ್ಮ ಮನೆಯಲ್ಲಿ ಭಾಗವತ ಎಂಬ ಹೆಸರು ನಿಂತಿತು.

ಆ ಬುತ್ತಿಯ ಪ್ರಶ್ನೆಯಿಂದ ಹೊರಟ ಮಾತು ಎರಡು ದಿನ ನಡೆಯಿತು. ಐಹೊಳೆಯಿಂದ ಪಟ್ಟದಕಲ್ಲಿನ ಮೇಲೆ ಹಾದು ಬಾದಾಮಿಗೆ 35 ಕಿ.ಮೀ. ಆಸುಪಾಸು. ಕಾಡುದಾರಿ, ಜೊತೆಗೆ ಚಿಕ್ಕವರಿದ್ದಾರೆ, ಹೋಗಲು ಎರಡು ದಿನ, ಅಲ್ಲಿ ಒಂದು ದಿನ, ಬರಲು ಎರಡು ದಿನ ಎಂದು ಮಕ್ಕಳು ನಿರ್ಧರಿಸಿದರು. ಒಬ್ಬೊಬ್ಬರಿಗೆ ಹೊತ್ತಿಗೆ ಎರಡರಂತೆ ದಿನಕ್ಕೆ ನಾಲ್ಕು ಖಡಕ್ ರೊಟ್ಟಿ ಎಂದರೆ ನಾಲ್ವರಿಗೆ ಐದು ದಿನಕ್ಕೆ 80 ಬೇಕು, ಕಟ್ಟಿಕೊಂಡದ್ದು 40. ಗಣಿತದಲ್ಲಿ ಹಿಂದೆ ಎಂದು ಎಲ್ಲರೂ ತೀರ್ಮಾನಿಸಿದ್ದ ನನ್ನ ಮಗನೇ ಇದನ್ನು ಬೆರಳಿನಲ್ಲಿ ಎಣಿಸಿ ಹಿಡಿದದ್ದು, ಏಕೆಂದರೆ ಬುತ್ತಿ ಹೊತ್ತ ಪಾತ್ರ ಅವನದಾಗಿತ್ತು ಮತ್ತು ದಾರಿಯಲ್ಲಿ ಹಸಿದರೆ ಎಲ್ಲರೂ ಅವನನ್ನೇ ಬೈಯುವವರಿದ್ದರು. ಪಟ್ಟದಕಲ್ಲಿನಲ್ಲಿ ಒಂದು ದಿನ ಕಲ್ಲು ಒಡೆಯುವ ಕೆಲಸ ಮಾಡಿ ಊಟ ಗಳಿಸುವುದೆಂದು ಅವರೇ ದಾರಿ ಕಂಡುಕೊಂಡರು.

ರೊಟ್ಟಿಯ ಜೊತೆಗೆ ಏನು ಎಂದು ಅತ್ತೆಯವರು ಕೇಳಿದಾಗ ಭಾವನ ಮಗಳು ಶೇಂಗಾ ಚಟ್ನಿ, ಕೆಂಪು ಖಾರ ಎಂದಳು. ಎಂಟನೇ ತರಗತಿಯ ಅವಳ ಅಣ್ಣನಿಗೆ ಎಲ್ಲಿಯೋ ಓದಿದ್ದು ನೆನಪಾಯಿತು: ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದದ್ದು, ಶೇಂಗಾದ ತವರು ಕೂಡ ದಕ್ಷಿಣ ಅಮೆರಿಕ, ಹಾಗಾಗಿ ಪುಲಕೇಶಿಯ ಕಾಲದಲ್ಲಿ ಇವೆರಡೂ ನಮ್ಮಲ್ಲಿ ಇರಲು ಸಾಧ್ಯವಿಲ್ಲ. “ಹಂಗಾರ ಖಾರಾ ಇಲ್ದ ರೊಟ್ಟಿ ಹೆಂಗ್ ತಿಂತಿದ್ರು ಆಯಿ?” ಎಂದು ಆ ಹುಡುಗಿ ಕೇಳಿದ ಪ್ರಶ್ನೆಗೆ ಮನೆಮಂದಿಯೆಲ್ಲ ಉತ್ತರ ಹುಡುಕಿದೆವು. ಕರಿಮೆಣಸು ಇತ್ತು, ಎಳ್ಳು ಇತ್ತು, ಶುಂಠಿ ಇತ್ತು. ಮರುದಿನ ಅತ್ತೆಯವರು ಎಳ್ಳನ್ನು ಹುರಿದು ಕರಿಮೆಣಸು, ಉಪ್ಪು ಹಾಕಿ ಕುಟ್ಟಿ ಕೊಟ್ಟರು. ಮಕ್ಕಳು ಅದನ್ನು ‘ಪುಲಕೇಶಿ ಚಟ್ನಿ’ ಎಂದು ಕರೆದು ಡಬ್ಬಿ ಖಾಲಿ ಮಾಡಿದರು. ಬೆಳೆಗಳ ಮೂಲದ ಬಗ್ಗೆ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇಷ್ಟು ಆಳಕ್ಕೆ ಇಳಿದದ್ದನ್ನು ನೋಡಿರಲಿಲ್ಲ.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ನಡೆದು ದಣಿಯುವುದು ಬೇಡ, ಮಲಪ್ರಭೆಯ ಮೇಲೆ ಹರಿಗೋಲಿನಲ್ಲಿ ಕೂತು ಪಟ್ಟದಕಲ್ಲಿಗೆ ಹೋಗೋಣ ಎಂದು ನನ್ನ ಮಗಳು ಸೂಚಿಸಿದಳು. ಶಾಲೆಯಲ್ಲಿ ಯಾವಾಗಲೂ ಮೊದಲ ಸ್ಥಾನದಲ್ಲಿರುವ ಮಗು. ತಾನು ಹೇಳಿದ್ದು ಸರಿಯೇ ಇರುತ್ತದೆಂಬ ಅಭ್ಯಾಸ ಅವಳಿಗೆ. ಎಲ್ಲರೂ ಒಪ್ಪಿದರು. ಅಂಬಿಗನಿಗೆ ಕೂಲಿಯೂ ಗೊತ್ತಾಯಿತು. ಹರಿಗೋಲು ಹತ್ತಿದ ಮೇಲೆ ಅತ್ತೆಯವರು, “ನೀರು ಯಾ ಕಡಿ ಹರೀತಾವ ತಂಗಿ?” ಎಂದು ಮೆಲ್ಲಗೆ ಕೇಳಿದರು. ಮಗಳು ಅಟ್ಲಾಸ್ ತಂದು ನೋಡಿದಳು. ಹೊಳೆ ಪಟ್ಟದಕಲ್ಲಿನ ಕಡೆಯಿಂದ ಐಹೊಳೆಯ ಕಡೆಗೆ ಬಂದು ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ; ಇವರು ಹೊರಟದ್ದು ಪೂರ್ತಿ ಎದುರು ನೀರಿಗೆ. ಅರ್ಧ ದಿನ ಹುಟ್ಟು ಹಾಕಿದರೂ ಹರಿಗೋಲು ದಂಡೆ ಬಿಟ್ಟು ಕದಲಲಿಲ್ಲ, ಕೂಲಿ ಹೋಯಿತು, ದಿನವೂ ಹೋಯಿತು. ಪರೀಕ್ಷೆಯಲ್ಲಿ ಅರ್ಧ ಅಂಕ ಕಡಿಮೆಯಾದರೂ ಅಳುವ ನನ್ನ ಮಗಳು ಆ ದಿನ ಅಳಲಿಲ್ಲ. ಉಳಿದ ಮೂವರು ಅವಳನ್ನು ದೂರಲೂ ಇಲ್ಲ. ಮುಂದೇನು ಎಂಬುದರಲ್ಲಿ ಎಲ್ಲರೂ ಮುಳುಗಿದ್ದರು. ತಪ್ಪಾದ ಮೇಲೂ ಕಥೆ ನಿಲ್ಲುವುದಿಲ್ಲ, ತಪ್ಪಿನ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು ಎಂಬುದನ್ನು ಕೆಂಪು ಶಾಯಿಯ ಪೆನ್ನು ಹಿಡಿದು ಕಲಿಸಲು ನನಗೆ ಈವರೆಗೆ ಸಾಧ್ಯವಾಗಿಲ್ಲ.

ಆಮೇಲೆ ನಾನು ಬಾಯಿ ಬಿಡದೆಯೇ ಇಸವಿಗಳು ತಾವಾಗಿ ಬಂದವು. ಅಂದಿನ ಕಿಸುವೊಳಲಿಗೆ, ಅಂದರೆ ಪಟ್ಟದಕಲ್ಲಿಗೆ, ಇವರು ತಲುಪಿದಾಗ ವಿರೂಪಾಕ್ಷ ಗುಡಿ ಕಾಣುತ್ತದೆಯೇ ಎಂಬ ಜಗಳ ಎದ್ದಿತು. ಅದು ಎಂಟನೇ ಶತಮಾನದ್ದಾದ್ದರಿಂದ ಇನ್ನೂ ಅಡಿಪಾಯವೇ ಬಿದ್ದಿಲ್ಲ ಎಂದು ಪುಸ್ತಕ ನೋಡಿ ತೀರ್ಮಾನಿಸಿದರು. ಬಾದಾಮಿಯ ಮೂರನೇ ಗುಹೆ ಇರುತ್ತದೆಯೇ? ಇರುತ್ತದೆ, ಮಂಗಳೇಶನ ಶಾಸನವೇ 578ರದ್ದು. ರಜೆ ಮುಗಿಯುವ ಮೊದಲು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಹತ್ತಾರು ಬಾರಿ ನೋಡಿದ ಗುಹೆಯ ಮುಂದೆ ನಿಂತು ಮಗ, “ಅವ್ವಾ, ನಾವು ಬಂದಾಗ ಇದು ಹಳೀದಾಗಿತ್ತು” ಎಂದ. ಆ ‘ನಾವು’ ಎಂಬ ಮಾತನ್ನು ನಾನು ಮರೆಯಲಾರೆ.

ದಾಳದ ವಿಷಯಕ್ಕೆ ಬರುತ್ತೇನೆ. ಮೂಲ ಆಟದಲ್ಲಿ ಎಸೆಯುವ ಇಪ್ಪತ್ತು ಮುಖದ ದಾಳ ನಮ್ಮೂರ ಅಂಗಡಿಗಳಲ್ಲಿ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ತಮ್ಮ ತಂದ ಡಬ್ಬಿಯಲ್ಲಿ ಎರಡು ದಾಳ ಕಳೆದ ಮೇಲೆ ನಾವು ಚೌಕಾಬಾರದ ನಾಲ್ಕು ಕವಡೆಗಳನ್ನೇ ಹಿಡಿದೆವು. ಬಾಯಿ ಮೇಲಾಗಿ ಬಿದ್ದವು ಎಷ್ಟೋ ಅಷ್ಟು ಗರ, ನಾಲ್ಕೂ ಬೋರಲಾದರೆ ಎಂಟು. ಸುಲಭದ ಕೆಲಸಕ್ಕೆ ಎರಡು ಬಿದ್ದರೆ ಸಾಕು, ಕಷ್ಟದ ಕೆಲಸಕ್ಕೆ ಮೂರು ಬೇಕು, ಎಂಟು ಬಿದ್ದರೆ ಯಾರೂ ಎಣಿಸದ ಒಳ್ಳೆಯದೊಂದು ನಡೆಯಬೇಕು ಎಂದು ನಿಯಮ ಮಾಡಿಕೊಂಡೆವು. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುವುದೆಂದು ಹಿಡಿದರೆ ನಾಲ್ಕು ಕವಡೆ ಬೀಳುವ 16 ರೀತಿಗಳಲ್ಲಿ 6 ರೀತಿ ಎರಡನ್ನು ಕೊಡುತ್ತವೆ, 4 ರೀತಿ ಮೂರನ್ನು, 4 ರೀತಿ ಒಂದನ್ನು, ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ ರೀತಿ. ದೊಡ್ಡ ಹುಡುಗ ಇದನ್ನು ಬರೆದು ತೋರಿಸಿದ. ಚಿಕ್ಕವರು ನಂಬದೆ ನೂರು ಸಲ ಎಸೆದು ಗೋಡೆಗೆ ಇದ್ದಲಿನಿಂದ ಗೀಟು ಹಾಕಿದರು. ಲೆಕ್ಕಕ್ಕೂ ಗೀಟಿಗೂ ಪೂರ್ತಿ ಹೊಂದಲಿಲ್ಲ. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಅದಕ್ಕೆ ಎರಡೂ ಕಡೆ ಸಮವಿಲ್ಲ ಎಂದು ಅವರೇ ಕಾರಣ ಹುಡುಕಿದರು. ಸಂಭವನೀಯತೆಯ ಪಾಠ ಪ್ರೌಢಶಾಲೆಗೆ ಬರುವ ಮೊದಲೇ ಅದರ ರುಚಿ ಅವರಿಗೆ ಹತ್ತಿತು.

ದಾಳ, ಕವಡೆ ಎಂದ ಕೂಡಲೇ ಕೆಲವು ಹಿರಿಯರು ಹುಬ್ಬೇರಿಸುತ್ತಾರೆಂದು ನನಗೆ ಗೊತ್ತು. ನಮ್ಮ ಓಣಿಯ ಹಿರಿಯರೊಬ್ಬರು ಧರ್ಮರಾಯನ ಪಗಡೆಯನ್ನು ನೆನಪಿಸಿ, ಮಕ್ಕಳಿಗೆ ಜೂಜು ಕಲಿಸುತ್ತೀರಾ ಎಂದು ನೇರವಾಗಿಯೇ ಕೇಳಿದರು. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಸ್ಪೀಟಿನಿಂದ, ಈಗ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಂದ ಮನೆಗಳು ಹಾಳಾದದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಕಥೆಯಾಟದಲ್ಲಿ ಪಣವೇ ಇಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದೇನೂ ಇಲ್ಲ. ಅಮೆರಿಕದಲ್ಲೂ 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಎಂದು ದೊಡ್ಡ ಗದ್ದಲ ಎದ್ದು, ಆರೋಪಕ್ಕೆ ಆಧಾರ ಸಿಗದೆ ತಣ್ಣಗಾಯಿತು. ಹೊಡೆದಾಟದ ಬಗ್ಗೆ ಮಾತ್ರ ನನಗೂ ಎಚ್ಚರಿಕೆಯಿದೆ. ಮೂಲ ಆಟದ ಪೆಟ್ಟಿಗೆಗಳ ಮೇಲೆ 12 ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚಾಗಿರುತ್ತದೆ, ಅದರಲ್ಲಿ ಕತ್ತಿ ಕಾಳಗ ಬಹಳ. ಚಿಕ್ಕ ಮಕ್ಕಳಿಗೆ ನಡೆಸುವವರು ನಿಯಮಗಳನ್ನು ಕಡಿಮೆ ಮಾಡಿ, ಕತ್ತಿಯ ಬದಲು ಹೊಳೆ, ಹಸಿವು, ಮಳೆ, ಹಟಮಾರಿ ಸುಂಕದವನನ್ನು ಅಡ್ಡ ನಿಲ್ಲಿಸಬೇಕು. ಮಾತಿನಿಂದ ದಾಟಬಹುದಾದ ಅಡ್ಡಿಗಳಿದ್ದಷ್ಟೂ ಮಕ್ಕಳು ಹೆಚ್ಚು ಮಾತಾಡುತ್ತಾರೆ.

ಮಾತು ಎಂದೆ, ಇಲ್ಲಿ ನನ್ನ ದುಃಖವೂ ಒಂದಿದೆ. ರಜೆಯ ಮೊದಲ ವಾರ ಭಾವನ ಮಕ್ಕಳನ್ನು ಬೇರೊಂದು ಊರಿನ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದರು. ಅಲ್ಲಿಯೂ ಇಂಥದ್ದೇ ಆಟವಿತ್ತು, ಪೂರ್ತಿ ಇಂಗ್ಲಿಷಿನಲ್ಲಿ, ಕನ್ನಡ ಬಾಯಿಗೆ ಬಂದರೆ ಸರದಿ ಕಳೆದುಕೊಳ್ಳುವ ನಿಯಮದೊಂದಿಗೆ. ಸಾವಿರಾರು ರೂಪಾಯಿ ಕೊಟ್ಟು ಕಳುಹಿಸಿದ ಆ ಹುಡುಗಿ ಐದು ದಿನವೂ ಒಂದೇ ಒಂದು ವಾಕ್ಯ ಆಡದೆ ಬಂದಳು. ಅದೇ ಹುಡುಗಿ ನಮ್ಮ ಪಡಸಾಲೆಯಲ್ಲಿ ಸುಂಕದ ಕಟ್ಟೆಯವನೊಡನೆ ಕಾಲು ಗಂಟೆ ವಾದಿಸಿ ನಾಲ್ವರಿಗೂ ಸುಂಕ ಬಿಡಿಸಿದಳು. ಕವಡೆ ಎಸೆಯುವ ಪ್ರಸಂಗವೇ ಬರಲಿಲ್ಲ. ಅನುಮಾನ, ವಾದ, ವಿನಂತಿ, ಚೌಕಾಸಿ, ಸಮಾಧಾನ ಇವೆಲ್ಲವನ್ನೂ ಮಗು ತನ್ನ ಮನೆಯ ಭಾಷೆಯಲ್ಲಿ ಮೊದಲು ಮಾಡಬೇಕು. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ, ಬಾಯಿ ಕಟ್ಟಿ ಆಡಿಸುವುದು ಬೇಡ ಎನ್ನುತ್ತಿದ್ದೇನೆ.

ಕನ್ನಡದಲ್ಲಿ ಇದನ್ನು ಮಾಡಲು ಕಾನೂನಿನ ತೊಡಕೂ ಇಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮೂಲ ನಿಯಮಗಳ ಕೈಪಿಡಿಯೊಂದನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದ್ದು, ಎಲ್ಲಿಂದ ತೆಗೆದುಕೊಂಡಿದ್ದೆಂದು ನಮೂದಿಸಿದರೆ ಯಾರು ಬೇಕಾದರೂ ಅದನ್ನು ಅನುವಾದಿಸಬಹುದು, ಬದಲಿಸಬಹುದು, ಅಚ್ಚು ಹಾಕಬಹುದು. ನಮಗೆ ಅದರ ನೂರರಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ. ಒಂದು ಪುಟದ ನಿಯಮ ಸಾಕು.

ಈಗ ನನ್ನ ವಿನಂತಿ. ನಿಮ್ಮ ಪತ್ರಿಕೆಯ ವಾರದ ಮಕ್ಕಳ ಪುಟದಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಪುಟ ಜಾಗ ಮಾಡಿ ಒಂದು ಕಥೆಯಾಟವನ್ನು ಪ್ರಕಟಿಸಿ. ಒಂದು ಸಣ್ಣ ನಕ್ಷೆ, ನಾಲ್ಕು ಪಾತ್ರಗಳು, ಮೂರು ಅಡ್ಡಿಗಳು, ಕೊನೆ ಬರೆಯದೆ ಬಿಟ್ಟ ಒಂದು ಕಥೆ, ಇಷ್ಟಿದ್ದರೆ ಒಂದು ಮನೆ ಎರಡು ರಾತ್ರಿ ಆಡಬಹುದು. ವಿಜಯಪುರದ ಗೋಲಗುಂಬಜದ ಪಿಸುಮಾತಿನ ಗ್ಯಾಲರಿ, ಕಿತ್ತೂರಿನ ಕೋಟೆ, ಹಲಗಲಿಯ ಬೇಡರು, ಇಳಕಲ್ಲಿನ ಮಗ್ಗ, ನಮ್ಮ ಗುಳೇದಗುಡ್ಡದ ಖಣ ಹೊತ್ತು ಸಂತೆಗೆ ಹೊರಟ ಗಾಡಿ, ಯಾವುದನ್ನು ಹಿಡಿದರೂ ಕಥೆಯಿದೆ. ಬರೆಯಲು ಶಿಕ್ಷಕರು, ಬಯಲಾಟದ ಕಲಾವಿದರು, ಅಜ್ಜಿಯರು ಸಿಗುತ್ತಾರೆ. ಬೇಕಾದದ್ದು ಅಚ್ಚಿನ ಜಾಗ ಮಾತ್ರ. ಹಳ್ಳಿಯ ಮನೆಗಳಿಗೆ ವಾರದ ಪುರವಣಿ ತಲುಪುವಂತೆ ಬೇರೆ ಯಾವ ಮಕ್ಕಳ ಸಾಹಿತ್ಯವೂ ತಲುಪುವುದಿಲ್ಲ.

ಶಿಕ್ಷಣ ಇಲಾಖೆಗೂ ನಿಮ್ಮ ಮೂಲಕವೇ ಒಂದು ಮಾತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಇಂದು ಒಂದರಿಂದ ಮೂರನೇ ತರಗತಿಯವರೆಗೆ ಇದೆ. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ನಲಿಯುವುದು ಹಿಂದೆ ಬಿದ್ದು ಕಲಿಯುವುದೊಂದೇ ಉಳಿಯುತ್ತದೆ. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ದಂದು ದೊಡ್ಡ ತರಗತಿಗಳಿಗೆ ಕಥೆಯಾಟ ಹೊಂದುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ರಜೆಯ ಮಧ್ಯಾಹ್ನಗಳಲ್ಲಿ ಫ್ಯಾನಿನ ಕೆಳಗೆ ಐದಾರು ಮಕ್ಕಳು ಕೂತು ಆಡಲು ಚಾಪೆಯೊಂದಿದ್ದರೆ ಸಾಕು. ಒಂದು ಎಚ್ಚರಿಕೆ ಮಾತ್ರ: ಇದಕ್ಕೆ ಅಂಕ, ದಾಖಲೆ, ಫೋಟೊ, ವರದಿ ಎಂದು ಯಾವುದನ್ನೂ ಅಂಟಿಸಬಾರದು. ನಾನು ಮೊದಲ ದಿನ ಮಾಡಿದ ತಪ್ಪನ್ನು ಇಲಾಖೆ ರಾಜ್ಯಮಟ್ಟದಲ್ಲಿ ಮಾಡುವುದು ಬೇಡ.

ನಾವು ಆಡಿದ ಐಹೊಳೆಯ ಕಥೆಯನ್ನು ಎರಡು ಪುಟಗಳಲ್ಲಿ ಬರೆದು, ಮಗಳು ಬಿಡಿಸಿದ ನಕ್ಷೆಯೊಂದಿಗೆ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಸಂಭಾವನೆ ಬೇಡ, ಹೆಸರೂ ಬೇಡ; ತಿದ್ದಿ ಬಳಸಿಕೊಳ್ಳಬಹುದು. ನಕ್ಷೆಯಲ್ಲಿ ಹೊಳೆ ಹರಿಯುವ ದಿಕ್ಕಿಗೆ ಬಾಣದ ಗುರುತು ಇಲ್ಲ. ಅದನ್ನು ಅವಳು ಬೇಕೆಂದೇ ಬಿಟ್ಟಿದ್ದಾಳೆ, ಅಚ್ಚು ಹಾಕುವಾಗ ದಯವಿಟ್ಟು ಸೇರಿಸಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ